ಬಾಗಿಲಿಗೆ ಅಂಟಿಸಿದ ಚಾರ್ಟು

ನಮ್ಮ ಮನೆತನದಲ್ಲಿ ಪದವಿ ಕಂಡ ಮೊದಲಿಗಳು ನಾನು. ಅದೂ ನರ್ಸಿಂಗ್. ಅದರಲ್ಲೂ ಆಡಳಿತದ ವಿಷಯದಲ್ಲಿ ಇಡೀ ಕ್ಲಾಸಿಗೇ ಹೆಚ್ಚು ಮಾರ್ಕ್ಸು! ಹೀಗಾಗಿ ಗಜೇಂದ್ರಗಡದಲ್ಲಿ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಸ್ವಂತ ಉದ್ಯೋಗ ಶುರು ಮಾಡಿದಾಗ, ಗಾಯ ಯಾರಾದರೂ ಕಟ್ಟಿಯಾರು, ವ್ಯವಸ್ಥಿತವಾಗಿ ಕಟ್ಟುವವಳು ನಾನೊಬ್ಬಳೇ ಎಂಬ ಧಿಮಾಕು ಇತ್ತು.

ಮೊದಲ ಪೇಷಂಟು ನೇಕಾರ ವಿರುಪಣ್ಣ. ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಗಾಯ. ದವಾಖಾನಿಯಲ್ಲಿ ಚಾರ್ಟನ್ನು ಮಂಚದ ಕಾಲ್ದೆಸೆಗೆ ತೂಗುಹಾಕುತ್ತಾರೆ. ವಿರುಪಣ್ಣ ಮಲಗುವುದು ಚಾಪೆಯ ಮೇಲೆ. ಹಾಗಾಗಿ ಮುಂಬಾಗಿಲಿಗೇ ಅಂಟಿಸಿದೆ. ಫೋನು ಇದ್ದದ್ದು ಮಗಳು ಶೋಭಾಳ ಹತ್ತಿರ. ಸಂಪರ್ಕಕ್ಕೆ ಅನುಕೂಲವಾಗಲೆಂದು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಅವಳ ಹೆಸರು ಬರೆದೆ. ಕೆಳಗೆ: ‘ಬೇಗ ಮಾಯದ ಗಾಯ. ದಿನಾ ಡ್ರೆಸ್ಸಿಂಗ್.’

“ಮಂದಿ ಬಾಗಿಲಕ್ಕ ರೋಗ ಯಾಕ ಅಂಟಸ್ತಿ?” ಅಂದರು ನಮ್ಮ ಯಜಮಾನರು. ಪಾಪ, ಆಡಳಿತ ಓದಿದವರಲ್ಲ.

ಆ ಭಾನುವಾರವೇ ಶಿರೋಳದಿಂದ ಶೋಭಾಳನ್ನು ನೋಡಲು ಗಂಡಿನವರು ಬಂದರು. ಬಂದವರಿಗೆ ಹೊಸ್ತಿಲ ಹೊರಗೆ ಕಾಲಿಗೆ ನೀರು ಕೊಡುವುದು ಪದ್ಧತಿ. ಏಳು ಮಂದಿ, ಒಂದೇ ತಂಬಿಗೆ. ಒಬ್ಬರು ಕಾಲು ತೊಳೆಯುವಷ್ಟರಲ್ಲಿ ಉಳಿದ ಆರು ಮಂದಿ ನನ್ನ ಚಾರ್ಟನ್ನು ಸಾವಕಾಶ ಓದಿದರು. ಅವಲಕ್ಕಿ ಮುಟ್ಟದೇ ಎದ್ದುಹೋದರಂತೆ.

ಮರುದಿನ ನಾನು ಗಾಯ ತೊಳೆಯುತ್ತಿದ್ದಾಗ ಶೋಭಾ ಹತ್ತಿ ಹಿಡಿದು ನಿಂತಿದ್ದಳು. “ಹುಡುಗ, ನಾನು ಎರಡು ಸಲ ಫೋನಿನಾಗ ಮಾತಾಡಿದ್ವಿ, ಅಕ್ಕಾರ. ನನಗ ಮನಸ್ಸಿತ್ತು,” ಅಂದಳು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ತಪ್ಪು ತಿದ್ದುವುದೂ ಆಡಳಿತವೇ. ಬಿಳಿ ಯೂನಿಫಾರ್ಮು ಹಾಕಿ, ಬಿಪಿ ಮಷಿನ್ನು, ಫೈಲು ಹಿಡಿದು ಶಿರೋಳದ ಬಸ್ಸು ಹತ್ತಿದೆ. ಗಾಯ ಅಪ್ಪನದು, ಹುಡುಗಿಗೆ ಸಂಬಂಧವೇ ಇಲ್ಲ ಎಂದು ಹುಡುಗನ ತಾಯಿಗೆ ವಿವರಿಸಿದೆ. ಸಾಲದ್ದಕ್ಕೆ, ಹುಡುಗಿ ಸಂಪೂರ್ಣ ಆರೋಗ್ಯವಂತಳು ಎಂದು ಸಹಿ ಹಾಕಿದ ಕಾಗದವನ್ನೂ ಕೈಗಿಟ್ಟೆ!

ಆಕೆ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಭಾಳ ಮರ್ಯಾದೆಯಿಂದ ಕೇಳಿದಳು: “ಏನೂ ಇಲ್ಲದ ಹುಡುಗಿ ಸಲುವಾಗಿ ನರ್ಸಬಾಯಿ ಇಷ್ಟು ದೂರ ಕಾಗದ ಹಿಡಕೊಂಡು ಯಾಕ ಬರ್ತಾರ್ರಿ?”

ನಾನು ಬಿಪಿ ಮಷಿನ್ನು, ಫೈಲು ಎತ್ತಿಕೊಂಡೆ. ಚಹಾ ಕುಡಿಸಿ ಕಳಿಸಿದರು. ಎರಡು ದಿನದಲ್ಲಿ ಸಂಬಂಧ ಬೇಡವೆಂಬ ಸುದ್ದಿ ಬಂತು.

ವಿರುಪಣ್ಣನ ಗಾಯ ಮಾಯಿತು. ಮತ್ತೆ ಮಗ್ಗಕ್ಕೆ ಕೂತ. ಕೊನೆಯ ದಿನ ಹೋದಾಗ ಶೋಭಾ ಒಳಗೆ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹೊರಗೆ ಬರಲಿಲ್ಲ. ಕರೆಯುವ ಧೈರ್ಯ ನನಗೂ ಆಗಲಿಲ್ಲ.

ವಿರುಪಣ್ಣ ದೊಡ್ಡ ಮನುಷ್ಯ. ಇವತ್ತಿಗೂ ನನಗೆ ಪೇಷಂಟುಗಳನ್ನು ಕಳಿಸುತ್ತಾನೆ. ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಾನಂತೆ:

“ನರ್ಸಬಾಯಾರ ಕೈಗುಣ ಭಾಳ ಚಲೋ ಐತಿ. ಪೆನ್ನು ಮಾತ್ರ ಕೊಡಬ್ಯಾಡ್ರಿ.”