ಒಂದು ಹನಿಯೂ ಕಮ್ಮಿಯಾಗದ ಗೇರ್‌ಬಾಕ್ಸು

ಹೆಂಡತಿ: ನಿನ್ನೆ ಸಿಗ್ನಲ್ ಬಿಟ್ಟಾಗ ಒಂದು ತಳ್ಳುಗಾಡಿ ನಮ್ಮನ್ನ ದಾಟ್ಕೊಂಡು ಹೋಯ್ತು. ಅದನ್ನೂ ಹೇಳಿ ಈ ಮೆಕ್ಯಾನಿಕ್ಕಿಗೆ.

ಇನ್‌ಸ್ಪೆಕ್ಟರು: ಖಾಲಿ ಗಾಡಿ ಅದು.

ಹೆಂಡತಿ: ಖಾಲಿ ಎಲ್ಲಿ? ಕಬ್ಬಿಣದ ಬೀರು ಇತ್ತು. ಬೀರು ಮೇಲೆ ಒಬ್ಬ ಕೂತಿದ್ದ. ಹೋಗ್ತಾ ಹೋಗ್ತಾ ತಿರುಗಿ ನಮ್ಮನ್ನ ಪಾಪ ಅಂತ ನೋಡ್ದ.

ಇನ್‌ಸ್ಪೆಕ್ಟರು: ನಮ್ಮ ಕಾರು ಒಂಚೂರು ಯೋಚನೆ ಮಾಡಿ ಹೊರಡತ್ತೆ, ಅಷ್ಟೇ. ವಯಸ್ಸಾದ್ಮೇಲೆ ಯಾರಿಗಾದ್ರೂ ಆ ಗಾಂಭೀರ್ಯ ಬರತ್ತೆ.

ಹೆಂಡತಿ: ನಿಮಗೆ ಬರಲಿಲ್ಲವಲ್ಲ.

ಮೆಕ್ಯಾನಿಕ್: ಎಷ್ಟೊತ್ತು ಯೋಚನೆ ಮಾಡತ್ತೆ?

ಇನ್‌ಸ್ಪೆಕ್ಟರು: ಎರಡು ಸೆಕೆಂಡು.

ಹೆಂಡತಿ: ನಾನು ವಾಚ್ ಹಿಡಿದು ನೋಡಿದೀನಿ. ಹನ್ನೊಂದು.

ನಾಡಿ ಹಿಡಿದು ಸೆಕೆಂಡು ಎಣಿಸುವುದು ಆಕೆಯ ಕಸುಬು. ಹೆರಿಗೆ ವಾರ್ಡಿನ ನರ್ಸು, ಇನ್ನೂ ಎರಡು ವರ್ಷ ಸರ್ವೀಸಿದೆ. ಹೀಗಾಗಿ ಹನ್ನೊಂದು ಅಂದರೆ ಹನ್ನೊಂದೇ. ಗಂಡ ಕಳೆದ ವರ್ಷ ನಿವೃತ್ತರಾದ ಲಿಫ್ಟ್ ಇನ್‌ಸ್ಪೆಕ್ಟರು. ಮೂವತ್ತೆರಡು ವರ್ಷ ಊರಿನ ಎತ್ತರದ ಕಟ್ಟಡಗಳಲ್ಲೆಲ್ಲ ಹತ್ತಿ ಇಳಿದು, ಹಗ್ಗ ಮುಟ್ಟಿ, ಬ್ರೇಕು ಒತ್ತಿ, ಕೊನೆಗೆ ‘ತಪಾಸಣೆ ಮಾಡಲಾಗಿದೆ, ಸುರಕ್ಷಿತ’ ಎಂಬ ಮುದ್ರಿತ ಸಾಲಿನ ಕೆಳಗೆ ಸಹಿ ಹಾಕಿದವರು. ಈಗ ಅವರ ಪಾಲಿಗೆ ಉಳಿದಿರುವ ಒಂದೇ ಯಂತ್ರ ಎಂದರೆ ಇಪ್ಪತ್ತನಾಲ್ಕು ವರ್ಷದ ಈ ಆಟೊಮ್ಯಾಟಿಕ್ ಕಾರು. ಅದು ಈಗ ವರ್ಕ್‌ಶಾಪಿನ ಎರಡು ಕಂಬಗಳ ನಡುವೆ, ಅವರ ತಲೆಯಿಂದ ಒಂದು ಮೊಳ ಮೇಲೆ, ಹೊಟ್ಟೆ ತೋರಿಸಿಕೊಂಡು ನೇತಾಡುತ್ತಿತ್ತು.

ಬೆಳಗ್ಗೆ ತಿಂಡಿ ತಿನ್ನುವಾಗಲೇ ಒಪ್ಪಂದವಾಗಿತ್ತು. ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಮೆಕ್ಯಾನಿಕ್ ಹೇಳಿದರೆ ಕಾರು ಗುಜರಿಗೆ, ಮಗಳು ನೋಡಿಟ್ಟಿರುವ ಹೊಸ ಕಾರು ಮನೆಗೆ. ಕೆಟ್ಟಿಲ್ಲ ಎಂದರೆ ಹೆಂಡತಿ ಇನ್ನು ಮುಂದೆ ಆ ಮಾತೇ ಎತ್ತುವಂತಿಲ್ಲ. ಇನ್‌ಸ್ಪೆಕ್ಟರು ಇದನ್ನು ಕಾಗದದ ಮೇಲೆ ಬರೆದು ಇಬ್ಬರ ಸಹಿಯನ್ನೂ ಹಾಕಿಸಿದ್ದರು. ಕೆಲಸ ಹೋದರೂ ಸಹಿಯ ಚಟ ಹೋಗಿರಲಿಲ್ಲ.

ಮೆಕ್ಯಾನಿಕ್: ಹೊಸದು ಯಾವ ಥರದ್ದು ನೋಡಿದಾರೆ ಮಗಳು?

ಹೆಂಡತಿ: ಎಂಟು ಗೇರಂತೆ. ಎಲ್ಲ ಕಂಪ್ಯೂಟರೇ ನೋಡ್ಕೊಳತ್ತಂತೆ.

ಇನ್‌ಸ್ಪೆಕ್ಟರು: ಎಂಟು ಯಾಕೆ? ನಾವು ಹೋಗೋದು ತರಕಾರಿ ಅಂಗಡಿಗೆ. ಇದ್ರಲ್ಲಿ ನಾಲ್ಕೇ ಗೇರು. ನಾಲ್ಕನ್ನ ನೆನಪಿಟ್ಕೊಳ್ಳೋಕೆ ಯಾವ ಕಂಪ್ಯೂಟರೂ ಬೇಡ.

ಹೆಂಡತಿ: ಎಂಟಿದ್ರೆ ಒಂದು ಕೈ ಕೊಟ್ರೂ ಏಳು ಇರತ್ತೆ.

ಮೆಕ್ಯಾನಿಕ್: ಹಂಗೆ ಲೆಕ್ಕ ಬರಲ್ಲಮ್ಮ.

ಇನ್‌ಸ್ಪೆಕ್ಟರು: ಕೇಳು. ಇನ್ನೊಂದು ಕೇಳು. ಹೊಸದ್ರಲ್ಲಿ ಆಯಿಲ್ ನೋಡೋ ಕಡ್ಡಿನೇ ಇಲ್ಲ. ಜೀವಮಾನಪೂರ್ತಿ ಸೀಲ್ ಅಂತೆ. ಒಳಗೆ ಎಷ್ಟಿದೆ, ಹೆಂಗಿದೆ, ಯಾರಿಗೂ ಗೊತ್ತಾಗಲ್ಲ. ಮುಚ್ಚಿಡೋದು ಯಾಕೆ? ಏನೋ ಹುಳುಕಿರೋದಕ್ಕೇ ತಾನೆ? ನನ್ನ ಸರ್ವೀಸಲ್ಲಿ ಮುಚ್ಚಿದ ಪೆಟ್ಟಿಗೆಗೆ ಒಂದಿನಾನೂ ಸಹಿ ಹಾಕಿಲ್ಲ.

ಹೆಂಡತಿ: ಸರಿ, ಇವರನ್ನೇ ಕೇಳೋಣ. ಹಳೇದು ನಂಬೋದಾ, ಹೊಸದು ನಂಬೋದಾ?

ಮೆಕ್ಯಾನಿಕ್ ಐವತ್ತು ದಾಟಿದ ಮನುಷ್ಯ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಟ್ಟು ಬೇರೆ ಯಾವ ಕೆಲಸಕ್ಕೂ ಕೈ ಹಾಕುವವನಲ್ಲ; ಮಾತಿಗಂತೂ ಮೊದಲೇ ಇಲ್ಲ. ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡ.

ಮೆಕ್ಯಾನಿಕ್: ಎರಡೂ ಕೆಡತ್ತೆ. ಹಳೇದು ನಿಮಗೆ ಹೇಳಿ ಕೆಡತ್ತೆ. ಹೊಸದು ಕಂಪ್ಯೂಟರಿಗೆ ಹೇಳಿ ಕೆಡತ್ತೆ. ಅಷ್ಟೇ ವ್ಯತ್ಯಾಸ.

ಇನ್‌ಸ್ಪೆಕ್ಟರು: ನಮ್ಮದು ಹೇಳೇ ಇಲ್ಲ, ನೋಡಿ. ಇಪ್ಪತ್ತನಾಲ್ಕು ವರ್ಷ. ಒಂದು ಹನಿ ಆಯಿಲ್ ಕಮ್ಮಿ ಆಗಿಲ್ಲ.

ಈ ಮಾತು ಹೇಳುವಾಗ ಇನ್‌ಸ್ಪೆಕ್ಟರು ಹೆಂಡತಿಯ ಮುಖ ನೋಡಲಿಲ್ಲ, ಗೋಡೆಯಲ್ಲಿ ನೇತು ಹಾಕಿದ್ದ ಸ್ಪ್ಯಾನರುಗಳನ್ನು ನೋಡಿದರು. ಯಾಕೆ ಎಂದು ಅವರಿಗೆ ಗೊತ್ತು, ಪಡಸಾಲೆಯ ಬೀರುವಿನಲ್ಲಿ ಹಳೆಯ ಲಿಫ್ಟ್ ನಿಯಮಾವಳಿಗಳ ಹಿಂದೆ ಅಡಗಿಸಿಟ್ಟಿರುವ ಬಾಟಲಿಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ ಎಂದೇ ಅವರ ನಂಬಿಕೆ.

ಮೆಕ್ಯಾನಿಕ್: ಕಮ್ಮಿ ಆಗಿಲ್ಲ ಅನ್ನೋದು ಸರಿ. ನಿಮ್ಮ ಗಾಡಿ ಆಯಿಲ್ ಇಳಿಸಿದ್ರೆ ನಾಲ್ಕು ಲೀಟರ್ ಬರ್ಬೇಕು. ಈಗ ಬಕೆಟ್ ನೋಡಿ. ಆರೂಕಾಲು ಬಂದಿದೆ, ಇನ್ನೂ ತೊಟ್ಟಿಕ್ತಿದೆ.

ಹೆಂಡತಿ: ಒಳಗೇ ಬೆಳೀತಾ?

ಮೆಕ್ಯಾನಿಕ್: ಗೇರ್‌ಬಾಕ್ಸಲ್ಲಿ ಆಯಿಲ್ ಬೆಳೆಯಲ್ಲಮ್ಮ. ಯಾರೋ ಹಾಕಿದಾರೆ. ಹೆಚ್ಚಾದ ಆಯಿಲ್ಲನ್ನ ಒಳಗಿರೋ ಚಕ್ರಗಳು ಕಡೆದು ಕಡೆದು ನೊರೆ ಮಾಡಿವೆ. ಇಂಥಾ ಗಾಡೀನ ಮುಂದಕ್ಕೆ ನೂಕೋದೇ ಆಯಿಲ್ಲು. ನೊರೆ ಏನು ನೂಕತ್ತೆ? ಅದಕ್ಕೇ ಹನ್ನೊಂದು ಸೆಕೆಂಡು.

ಇನ್‌ಸ್ಪೆಕ್ಟರು: ಯಾರು ಹಾಕಿರ್ತಾರೆ? ನಾನಂತೂ ಮುಟ್ಟಿಲ್ಲ.

ಹೆಂಡತಿ: ನಾನು ಬಾನೆಟ್ಟೇ ಎತ್ತಿಲ್ಲ.

ಮೆಕ್ಯಾನಿಕ್ ಒಳಗೆ ಹೋಗಿ ಒಂದು ತಟ್ಟೆ ತಂದು ಮೇಜಿನ ಮೇಲಿಟ್ಟ. ಅದರಲ್ಲಿದ್ದ, ಎಣ್ಣೆಯಲ್ಲಿ ನೆಂದು ಕೆಂಪಾದ ಕಾಗದದ ಚೂರೊಂದನ್ನು ಎರಡು ಬೆರಳಲ್ಲಿ ಬಿಡಿಸಿದ. ಲಾಳಿಕೆಯ ಹಾಗೆ ಸುತ್ತಿದ ಮಡಿಕೆ ಇನ್ನೂ ಹಾಗೆಯೇ ಇತ್ತು.

ಮೆಕ್ಯಾನಿಕ್: ಇದು ಕಡ್ಡಿ ಹಾಕೋ ಕೊಳವೆ ಬಾಯಲ್ಲಿ ಸಿಕ್ಕಿಕೊಂಡಿತ್ತು. ಏನೋ ಅಚ್ಚಾಗಿದೆ. ‘ತಪಾಸಣೆ ಮಾಡಲಾಗಿದೆ, ಸುರಕ್ಷಿತ.’ ಕೆಳಗಿರೋ ಸಹಿ ಯಾರದ್ದು ಸಾರ್?

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿದರು. ಒರೆಸಿದ ಮೇಲೂ ಸಹಿ ಅವರದ್ದೇ ಆಗಿತ್ತು. ಬಾಲ ಉದ್ದ ಎಳೆದು, ಕೆಳಗೆ ಎರಡು ಚುಕ್ಕೆ ಇಟ್ಟ ಆ ಸಹಿಯನ್ನು ನೋಡಿಯೇ ಎಷ್ಟೋ ಸಾವಿರ ಜನ ಧೈರ್ಯವಾಗಿ ಲಿಫ್ಟ್ ಹತ್ತಿದ್ದರು.

ಹೆಂಡತಿ: ರೀ.

ಇನ್‌ಸ್ಪೆಕ್ಟರು: ಹಳೇ ಫಾರಂ ಸುಮ್ನೆ ಬಿದ್ದಿದ್ವು.

ಹೆಂಡತಿ: ರೀ, ನಾನು ಫಾರಂ ಬಗ್ಗೆ ಕೇಳಲಿಲ್ಲ.

ಇನ್‌ಸ್ಪೆಕ್ಟರು: ಒಂದು ವರ್ಷದಿಂದ. ಭಾನುವಾರ ಬೆಳಗ್ಗೆ, ನೀನು ಸ್ನಾನಕ್ಕೆ ಹೋದಾಗ. ಬೀರುವಲ್ಲಿ ಬಚ್ಚಿಟ್ಟ ಬಾಟ್ಲಿಯಿಂದ ಎರಡೆರಡೇ ಚಮಚ. ಕಾರಿನ ಕೆಳಗೆ ಕೆಂಪು ಕಲೆ ಕಾಣಿಸ್ತು. ಸೋರ್ತಿದೆ ಅಂದ್ಕೊಂಡೆ. ನಿನಗೆ ಹೇಳಿದ್ರೆ ಮಾರನೇ ದಿನಾನೇ ನೀನು ಗುಜರಿಯವನನ್ನ ಕರೆಸ್ತಿದ್ದೆ.

ಮೆಕ್ಯಾನಿಕ್: ಹಾಕೋ ಮುಂಚೆ ಕಡ್ಡಿ ಎಳೆದು ನೋಡಲಿಲ್ವ ಸಾರ್? ಎಷ್ಟಿದೆ ಅಂತ ಅಲ್ಲೇ ಗೊತ್ತಾಗತ್ತಲ್ಲ. ನೋಡೋ ಕಡ್ಡಿ ಇದೆ ಅಂತ ತಾನೆ ಇಷ್ಟೊತ್ತು ಹಳೇದನ್ನ ಹೊಗಳಿದ್ದು?

ಇನ್‌ಸ್ಪೆಕ್ಟರು: ಎಳೀತಿದ್ದೆ. ಕಣ್ಣು ಮುಚ್ಕೊಂಡು ಎಳೆದು, ಪಕ್ಕಕ್ಕಿಟ್ಟು, ಆಯಿಲ್ ಹಾಕಿ, ಮತ್ತೆ ಕಣ್ಣು ಮುಚ್ಕೊಂಡು ಹಾಕ್ತಿದ್ದೆ.

ಮೆಕ್ಯಾನಿಕ್: ಯಾಕೆ?

ಇನ್‌ಸ್ಪೆಕ್ಟರು: ನೋಡಿದ್ರೆ ವರದಿ ಬರೀಬೇಕಾಗತ್ತಲ್ಲ. ಸುಳ್ಳು ವರದಿ ನಾನು ಬರೆಯಲ್ಲ. ಅದಕ್ಕೇ ನೋಡಲಿಲ್ಲ.

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಎಂಥ ಮಾತು ಎಂದು ಅವರಿಗೇ ಕೇಳಿಸಿತು. ಮುಚ್ಚಿದ ಪೆಟ್ಟಿಗೆಗೆ ಸಹಿ ಹಾಕದ ಮನುಷ್ಯ, ತೆರೆದ ಪೆಟ್ಟಿಗೆಯ ಮುಂದೆ ಐವತ್ತು ಭಾನುವಾರ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಇಂಥವನು ಯಾವುದಾದರೂ ಕಟ್ಟಡದಲ್ಲಿ ಸಿಕ್ಕಿದ್ದರೆ ತಾನೇ ನೋಟಿಸು ಜಾರಿ ಮಾಡುತ್ತಿದ್ದೆ ಎಂದು ಅವರಿಗೆ ಅನ್ನಿಸಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹೆಗಲು ಕುಣಿಯುತ್ತಿತ್ತು.

ಹೆಂಡತಿ: ಮೂವತ್ತೆರಡು ವರ್ಷ ಊರಿನ ಲಿಫ್ಟೆಲ್ಲ ಇವರ ಕೈಲಿತ್ತಲ್ಲ, ನೆನೆಸ್ಕೊಂಡ್ರೆ ಈಗ ಎದೆ ನಡುಗತ್ತೆ. ನಾನಿನ್ನು ಮೆಟ್ಟಿಲೇ ಹತ್ತೋದು.

ಮೆಕ್ಯಾನಿಕ್: ಒಂದ್ನಿಮಿಷ ಅಮ್ಮ. ತಟ್ಟೇಲಿ ಇನ್ನೊಂದಿದೆ.

ಮೆಕ್ಯಾನಿಕ್ ತಟ್ಟೆಯಿಂದ ಬಿಳಿಯ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಕಿರುಬೆರಳ ತುದಿಯಷ್ಟಿತ್ತು.

ಮೆಕ್ಯಾನಿಕ್: ಇಂಜೆಕ್ಷನ್ ಸೂಜಿ ಮುಚ್ಚಳ ಇದು, ಬ್ಯಾಟರಿ ಕೆಳಗೆ ಬಿದ್ದಿತ್ತು. ಜೊತೆಗೆ ಗ್ಲೂಕೋಸ್ ಏರಿಸ್ತಾರಲ್ಲ, ಆ ಕೊಳವೆ ತುಂಡೂ ಇದೆ. ನನ್ನ ಅಂಗಡೀಲಿ ಇಂಜೆಕ್ಷನ್ ಯಾರೂ ಬಳಸಲ್ಲ.

ಹೆಂಡತಿಯ ನಗು ಸೆರಗಿನೊಳಗೇ ನಿಂತಿತು. ಇನ್‌ಸ್ಪೆಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. ಈ ಸಲ ಒರೆಸುವ ಅಗತ್ಯ ಬೀಳಲಿಲ್ಲ.

ಇನ್‌ಸ್ಪೆಕ್ಟರು: ಬಾನೆಟ್ಟೇ ಎತ್ತಿಲ್ಲ ಅಂದೆ.

ಹೆಂಡತಿ: ಬುಧವಾರ ನನಗೆ ಬೆಳಗಿನ ಡ್ಯೂಟಿ. ಮಧ್ಯಾಹ್ನ ಬಂದ್ರೆ ನೀವು ಗೊರಕೆ ಹೊಡೀತಿರ್ತೀರ. ಕಾರಿನ ಕೆಳಗೆ ಕೆಂಪಗೆ ಬಿದ್ದಿರ್ತಿತ್ತು. ಚಿಕ್ಕ ಸಿರಿಂಜಲ್ಲಿ ನಾಲ್ಕು ಸಲ ಏರಿಸ್ತಿದ್ದೆ.

ಮೆಕ್ಯಾನಿಕ್: ನೀವಾದ್ರೂ ಕಡ್ಡಿ ನೋಡ್ಬೇಕಿತ್ತಲ್ಲಮ್ಮ.

ಹೆಂಡತಿ: ರಕ್ತ ಹೋಗ್ತಿದ್ರೆ ನಾವು ಅಳತೆ ನೋಡ್ತಾ ಕೂರಲ್ಲ. ಮೊದಲು ಏರಿಸ್ತೀವಿ.

ಇನ್‌ಸ್ಪೆಕ್ಟರು: ಅಂದ್ರೆ ಬುಧವಾರ ನೀನು ನೋಡಿದ ಕಲೆ, ಭಾನುವಾರ ನಾನು ಚೆಲ್ಲಿದ್ದು.

ಹೆಂಡತಿ: ಭಾನುವಾರ ನೀವು ನೋಡಿದ್ದು ನನ್ನ ಕೊಳವೆಯಿಂದ ತೊಟ್ಟಿಕ್ಕಿದ್ದು.

ಮೆಕ್ಯಾನಿಕ್: ಗೇರ್‌ಬಾಕ್ಸ್ ಎಲ್ಲೂ ಸೋರ್ತಿಲ್ಲ. ಕಲ್ಲಿದ್ದಂಗಿದೆ. ಆದ್ರೆ ನಂಗೊಂದು ಅರ್ಥ ಆಗ್ಲಿಲ್ಲ. ಮೊಟ್ಟಮೊದಲ ಕಲೆ ಯಾರದ್ದು?

ಇನ್‌ಸ್ಪೆಕ್ಟರು: ನಾನು ನೋಡಿದ್ದೇ ಮೊದಲು. ಹಿಂದಿನ ಬಾಗಿಲ ಕೆಳಗೆ, ಅಂಗೈ ಅಗಲ. ನಾನು ರಿಟೈರಾಗಿ ಎರಡನೇ ವಾರ.

ಹೆಂಡತಿ ಹಣೆಗೆ ಕೈ ಇಟ್ಟುಕೊಂಡು ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕುಳಿತಳು.

ಹೆಂಡತಿ: ಅವತ್ತು ನನ್ನ ಬ್ಯಾಗಿಂದ ಕೆಮ್ಮಿನ ಸಿರಪ್ ಬಾಟ್ಲಿ ಬಿದ್ದು ಒಡೀತು. ಒರೆಸಿದೆ, ಕಲೆ ಹೋಗಲಿಲ್ಲ. ಗೇರ್‌ಬಾಕ್ಸ್ ಇರೋದು ಮುಂದೆ ಕಣ್ರೀ. ಹಿಂದಿನ ಬಾಗಿಲಿಂದ ಹೆಂಗೆ ಸೋರತ್ತೆ?

ಲಿಫ್ಟಿನ ತಳದ ಗುಂಡಿಯಲ್ಲಿ ಎಣ್ಣೆ ಕಂಡರೆ ಬೆರಳಲ್ಲಿ ಮುಟ್ಟಿ, ಮೂಸಿ, ಎಲ್ಲಿಂದ ಬಂತು ಎಂದು ಎಂಟು ಮಹಡಿ ಹುಡುಕಿಕೊಂಡು ಹೋಗುತ್ತಿದ್ದವರು ಇದೇ ಇನ್‌ಸ್ಪೆಕ್ಟರು. ಸ್ವಂತ ಮನೆಯ ನೆಲದ ಮೇಲಿನ ಕೆಮ್ಮಿನ ಔಷಧಿಗೆ ಮಾತ್ರ ಬಗ್ಗಲಿಲ್ಲ. ಒಪ್ಪಂದದ ಪ್ರಕಾರ ಗೆದ್ದದ್ದು ಅವರೇ ಎಂಬುದು ಆಗ ನೆನಪಾಯಿತು. ಆದರೆ ಈ ಗೆಲುವನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿಕೊಳ್ಳುವ ಹಾಗಿರಲಿಲ್ಲ.

ಇನ್‌ಸ್ಪೆಕ್ಟರು: ನನ್ನದು ಬಿಡು, ನನಗೆ ಗೆಲ್ಲಬೇಕಿತ್ತು. ನೀನು ಯಾಕೆ ಹಾಕ್ತಿದ್ದೆ? ಇದನ್ನ ಗುಜರಿಗೆ ಹಾಕ್ಬೇಕು ಅಂತ ದಿನಾ ಪ್ರಾಣ ತಿಂತಿದ್ದೋಳು ನೀನೇ ಅಲ್ವ?

ಹೆಂಡತಿ: ಬಾಯಲ್ಲಿ ಹೇಳ್ತಿದ್ದೆ. ರಿಟೈರಾದ್ಮೇಲೆ ನೀವು ಮಂಕಾಗಿಬಿಟ್ರಿ. ಭಾನುವಾರ ಆ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದಾಗ ಮಾತ್ರ ನಿಮ್ಮ ಮುಖ ಡ್ಯೂಟೀಲಿದ್ದಂಗೆ ಇರ್ತಿತ್ತು. ಬಚ್ಚಲು ಕಿಟಕಿಯಿಂದ ಕಾಣ್ತಿತ್ತು. ಇದೂ ಕೆಟ್ಟು ನಿಂತ್ರೆ ಏನ್ಮಾಡ್ತೀರಿ ಅಂತ ಹೆದರಿಕೆ ಆಯ್ತು.

ಇನ್‌ಸ್ಪೆಕ್ಟರು: ಕಾಣ್ತಿತ್ತಾ? ಹಂಗಾದ್ರೆ ನಾನು ಆಯಿಲ್ ಹಾಕೋದೂ ಕಾಣ್ಬೇಕಿತ್ತಲ್ಲ.

ಹೆಂಡತಿ: ಬಾನೆಟ್ ಎತ್ತಿದ್ರೆ ನಿಮ್ಮ ಬೆನ್ನು ಮಾತ್ರ ಕಾಣತ್ತೆ. ಬೆನ್ನು ನೋಡೇ ಮುಖ ಹೆಂಗಿದೆ ಅಂತ ಹೇಳ್ತೀನಿ ನಾನು.

ಇನ್‌ಸ್ಪೆಕ್ಟರಿಗೆ ಕಣ್ಣು ತುಂಬಿ ಬಂತು. ಅದನ್ನು ಮರೆಸಲು ಸ್ಪ್ಯಾನರುಗಳ ಕಡೆ ತಿರುಗಿದರು. ಹೆಂಡತಿಗೆ ಮತ್ತೆ ಬೆನ್ನೇ ಕಂಡಿತು. ಅಷ್ಟರಲ್ಲಿ ಅವರ ಜೇಬಿನ ಫೋನು ಹೊಡೆದುಕೊಂಡಿತು. ಹೊಸ ಕಾರಿನ ಷೋರೂಮಿನವರು.

ಇನ್‌ಸ್ಪೆಕ್ಟರು: ಹೌದು, ನಾನೇ. ಆಯಿಲ್ ನೋಡೋ ಕಡ್ಡಿ ಇದ್ಯಾ? ಇಲ್ವಾ? ಸೀಲಾ? ಯಾರಿಗೂ ತೆಗೆಯೋಕೆ ಆಗಲ್ವಾ? ಒಂದು ನಿಮಿಷ ಇರಿ.

ಮೆಕ್ಯಾನಿಕ್: ತಗೊಂಡುಬಿಡಿ ಸಾರ್. ಯಾಕೆ ಸೀಲ್ ಮಾಡ್ತಾರೆ ಅಂತ ನನಗೂ ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಅದನ್ನ ಮಾಡಿದ ಎಂಜಿನಿಯರ್ ಮನೇಲೂ ನಿಮ್ಮಂಥ ಅಪ್ಪ ಅಮ್ಮ ಇದ್ದಿರ್ಬೇಕು.

ಇನ್‌ಸ್ಪೆಕ್ಟರು ಹೆಂಡತಿಯ ಕಡೆ ನೋಡಿದರು. ಆಕೆ ಟೈರಿನ ಮೇಲೆ ಕುಳಿತೇ, ಬೇಡ ಎಂದು ತಲೆಯಾಡಿಸಿದಳು.

ಇನ್‌ಸ್ಪೆಕ್ಟರು: ಬೇಡಪ್ಪ. ಗಾಡಿ ಚೆನ್ನಾಗೇ ಇರತ್ತೆ, ಅನುಮಾನ ಇಲ್ಲ. ಅದ್ರಲ್ಲಿ ನಮ್ಮಿಬ್ಬರಿಗೂ ಮಾಡೋಕೆ ಕೆಲಸ ಇಲ್ಲ.

ಮೆಕ್ಯಾನಿಕ್ ಹಳೆಯ ಕಾರಿನ ಎಣ್ಣೆ ಕಡ್ಡಿಯನ್ನು ಒರೆಸಿ, ತನ್ನ ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ತಿರುಗಿಸಿದ. ಕೊಳವೆಯ ಬಾಯಿಗೆ ರಬ್ಬರಿನ ಬಿರಡೆ ಜಡಿಯುವುದು ಬಾಕಿ ಇತ್ತು.

ಮೆಕ್ಯಾನಿಕ್: ಇದು ನನ್ನ ಹತ್ರ ಇರತ್ತೆ. ತಿಂಗಳಿಗೊಂದ್ಸಲ ಇಬ್ರೂ ಒಟ್ಟಿಗೆ ಬಂದು ನೋಡ್ಕೊಂಡು ಹೋಗಿ. ಬರೀ ನೋಡೋದು.

ಹೆಂಡತಿ: ಇವರು ಕಣ್ಣು ಬಿಟ್ಕೊಂಡು ನೋಡ್ಬೇಕು. ಅದನ್ನೂ ಬರೆಸಿ ಸಹಿ ಹಾಕಿಸ್ಕೊಳ್ಳಿ.