ಐದು ಗಂಟೆಯ ಒಪ್ಪಂದ

ಬಾಯಿಗೆ ಬೀಗ ಹಾಕಿಕೊಂಡು ಬದುಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮರುಕ. ಮಾತಾಡದೆ ಇವರಿಗೆ ತಿಂದದ್ದು ಹೇಗೆ ಅರಗುತ್ತದೋ! ನನ್ನ ಕಥೆ ಬೇರೆ. ಸುಲ್ತಾನ್ ಬತ್ತೇರಿಯಿಂದಾಚೆ, ಕಾಡಿನಂಚಿನ ಒಂದು ಪಂಚಾಯತ್ ಕಚೇರಿಯಲ್ಲಿ ನಾನು ಗುಮಾಸ್ತ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಒಂದು ದಣಿದರೆ ಇನ್ನೊಂದು ಕೈಹಿಡಿಯುತ್ತದೆ. ನಾನು ‘ಒಂದೇ ಮಾತು’ ಎಂದ ಕೂಡಲೇ ಹೆಂಡತಿ ಸರೋಜ ಕುಕ್ಕರ್ ಇಳಿಸಿ, ಒಲೆ ಆರಿಸಿ, ಕೂತುಬಿಡುತ್ತಾಳೆ. ಕಚೇರಿಯವರು ಅಷ್ಟು ಉದಾರಿಗಳಲ್ಲ. ನಾನು ಬಾಯಿ ತೆರೆದರೆ ಅವರಿಗೆ ತುರ್ತು ಫೈಲುಗಳು ನೆನಪಾಗುತ್ತವೆ.

ಇಂಥ ನನ್ನನ್ನೇ ಅವರೆಲ್ಲ ಸೇರಿ ಮುಂದೆ ನಿಲ್ಲಿಸಿದರೆಂದರೆ, ಕಷ್ಟ ಎಷ್ಟಿತ್ತೆಂದು ನೀವೇ ಊಹಿಸಿ. ನಮ್ಮ ಅಧ್ಯಕ್ಷರು ದಿನಾ ಊಟ, ಸಣ್ಣದೊಂದು ನಿದ್ದೆ ಮುಗಿಸಿ ಸಭೆ ಕರೆಯುತ್ತಿದ್ದರು. ಅದು ಮುಗಿಯುವಾಗ ಕತ್ತಲು. ಅವರಿಗೆ ಪಂಚಾಯತಿನ ಜೀಪು, ನಮಗೆ ಬಸ್ಸು, ಸ್ಕೂಟರು. ಹೊತ್ತು ಮುಳುಗಿದ ಮೇಲೆ ಆ ಕಾಡುದಾರಿ ಆನೆಗಳದ್ದು. ಲೆಕ್ಕ ವಿಭಾಗದ ಶೈಲಜಾ ಒಂದು ಸಂಜೆ ಒಂಟಿಸಲಗದೆದುರು ಸ್ಕೂಟರು ಬಿಟ್ಟು ಓಡಿ ಬದುಕಿಕೊಂಡಳು. ಇನ್ನು ಹೀಗಾದರೆ ಕೆಲಸವೇ ಬೇಡ ಅನ್ನುವಲ್ಲಿಗೆ ಅವಳು ಬಂದಿದ್ದಳು.

ಒಬ್ಬೊಬ್ಬರಾಗಿ ಹೋಗಿ ಕೇಳಿದ್ದೂ ಆಯಿತು. ಹಾರ್ನ್ ಹೊಡೆಯದೆ ನಿಂತರೆ ಆನೆ ತಾನಾಗಿ ಹೋಗುತ್ತದೆ ಎಂದು ಶೈಲಜಾಗೆ ಉಪದೇಶವಾಯಿತು. ನನಗೆ ಚಹಾ ಸಿಕ್ಕಿತು. ಅಧ್ಯಕ್ಷರು ಅಷ್ಟು ಪ್ರೀತಿಯಿಂದ ನನ್ನ ಮಾತು ಕೇಳಿದರೆಂದರೆ, ಏನು ಕೇಳಲು ಹೋಗಿದ್ದೆನೆಂಬುದು ಹೊರಗೆ ಬಂದ ಮೇಲಷ್ಟೇ ನೆನಪಾಯಿತು. ಹೀಗಾಗಿ ಎಲ್ಲರೂ ಒಟ್ಟಿಗೇ ಕೂತು ಮಾತಾಡುವುದೆಂದು ತೀರ್ಮಾನವಾಯಿತು. ನಮ್ಮಲ್ಲಿ ಎರಡು ಯೂನಿಯನ್, ಒಂದೇ ಕೆಟಲಿನ ಚಹಾವನ್ನು ಬೇರೆ ಬೇರೆ ಮೂಲೆಯಲ್ಲಿ ಕುಡಿಯುವವರು. ಆನೆಗೆ ಆ ವ್ಯತ್ಯಾಸ ಗೊತ್ತಿಲ್ಲವಲ್ಲ. ಅಂದು ಎರಡೂ ಕಡೆಯವರು ಒಂದೇ ಬೆಂಚಿನಲ್ಲಿ ಕೂತರು.

ನಮ್ಮ ಬೇಡಿಕೆ ಎರಡೇ. ಐದು ಗಂಟೆಗೆ ಸಭೆ ಮುಗಿಯಬೇಕು. ನಮ್ಮನ್ನು ಕೂರಿಸಿ ಕೇಳದೆ ಹೊತ್ತು ಬದಲಾಯಿಸಬಾರದು. ಬೇಗ ಹೇಳಿ ಮುಗಿಸಿ ಎಂದರು ಅಧ್ಯಕ್ಷರು. ಬೆಂಚಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ, ಜೀವನದಲ್ಲಿ ಮೊದಲ ಬಾರಿಗೆ, ನಿಧಾನ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಬಿಟ್ಟೇನೇ? ಗುಂಡ್ಲುಪೇಟೆ ಕಡೆಯಿಂದ ನನ್ನ ಮುತ್ತಜ್ಜ ಎತ್ತು ಹೊಡೆದುಕೊಂಡು ಈ ಕಾಡು ದಾಟಿ ಬಂದಲ್ಲಿಂದ ಶುರುಮಾಡಿದೆ. ಆ ಎತ್ತುಗಳ ಬಣ್ಣವನ್ನೂ ಬಿಡಲಿಲ್ಲ. ಮುತ್ತಜ್ಜ ಇನ್ನೂ ಬತ್ತೇರಿ ಮುಟ್ಟಿರಲಿಲ್ಲ, ಕಿಟಕಿ ಕಪ್ಪಾಯಿತು. ಕಚೇರಿ ಹಿಂದಿನ ಹಲಸಿನ ಮರದ ಕಡೆ ಕೊಂಬೆ ಮುರಿದ ಸದ್ದು ಬಂತು. ಅಧ್ಯಕ್ಷರು ಗಡಿಯಾರ ನೋಡಿ, ಜೀಪು ತೆಗೆಯಲು ಚಾಲಕ ಬಶೀರನನ್ನು ಕೂಗಿದರು. ಬಶೀರ್ ನಮ್ಮ ಬೆಂಚಿನಲ್ಲೇ ಇದ್ದ.

“ನಾನೂ ನೌಕರನೇ ಅಲ್ವಾ ಸಾರೇ,” ಎಂದ. “ಚರ್ಚೆ ಮುಗೀಲಿ.”

ಆಗ ಶೈಲಜಾ ಎದ್ದಳು. “ನನಗೆ ತಡವಾದ್ರೆ ಅಮ್ಮ ಟಾರ್ಚ್ ಹಿಡ್ಕೊಂಡು ಆನೆದಾರಿಗೆ ಬರ್ತಾಳೆ ಸಾರ್. ನನಗೆ ಆನೆ ಭಯ ಅಲ್ಲ, ಅಮ್ಮಂಗೆ ಏನಾಗುತ್ತೋ ಅನ್ನೋದೇ ಭಯ.”

ನನ್ನ ಅಷ್ಟುದ್ದದ ಭಾಷಣಕ್ಕೆ ಆಗದ್ದು ಆ ಎರಡು ಮಾತಿಗೆ ಆಯಿತು. ನಮ್ಮ ಅಧ್ಯಕ್ಷರು ಕೆಟ್ಟವರಲ್ಲ. ಜೀಪಿನ ಗಾಜಿನೊಳಗಿಂದ ನೋಡಿದರೆ ಯಾವ ಕಾಡೂ ಚಂದವೇ. ಎರಡೂ ಬೇಡಿಕೆಗೆ ಸಹಿ ಬಿತ್ತು. ನಮ್ಮ ಪರವಾಗಿ ನಾನು ಸಹಿ ಹಾಕಿದೆ, ಉದ್ದಕ್ಕೆ. ಆ ದಾರಿಯಲ್ಲಿ ಹೋಗುವವರೆಲ್ಲ ಅದೇ ಜೀಪಿನಲ್ಲಿ ಒತ್ತೊತ್ತಾಗಿ ಕೂತು ಹೊರಟೆವು. ತಿರುವಿನಲ್ಲಿ ಸಣ್ಣ ಟಾರ್ಚೊಂದು ಅಲ್ಲಾಡುತ್ತಿತ್ತು. ಅಧ್ಯಕ್ಷರೇ ಕೆಳಗಿಳಿದು ಆ ತಾಯಿಯನ್ನು ಒಳಗೆ ಕೂರಿಸಿದರು. ಆ ಹೊತ್ತಿನಲ್ಲಿ ನನಗಾದ ಖುಷಿ ಸಂಬಳ ಹೆಚ್ಚಾದಾಗಲೂ ಆಗಿರಲಿಲ್ಲ.

ಮರುದಿನವೇ ನನಗೆ ಸನ್ಮಾನ. ಎರಡೂ ಯೂನಿಯನ್ನಿನವರು ಸೇರಿ ಶಾಲು ಹೊದಿಸಿದರು, ಬಾಳೆಕಾಯಿ ಚಿಪ್ಸ್ ಹಂಚಿದರು, ಎಲ್ಲರೂ ನನ್ನನ್ನು ಹೊಗಳಿದರು. ಕೊನೆಗೆ ನನ್ನ ಸರದಿ. ಗಂಟಲು ಸರಿಮಾಡಿಕೊಂಡು, ಹೆಚ್ಚು ಮಾತಾಡುವುದಿಲ್ಲ ಎಂದೆ. ಅಷ್ಟಕ್ಕೆ ಐದು ಹೊಡೆಯಿತು. ಬೆಂಚುಗಳು ಖಾಲಿಯಾದವು, ಎಲ್ಲರಿಗಿಂತ ಮೊದಲು ಎದ್ದವರು ಅಧ್ಯಕ್ಷರು. “ಸಹಿ ಹಾಕಿದ್ದು ನೀವೇ ಅಲ್ವಾ ಚೇಟ್ಟಾ,” ಎಂದು ಶೈಲಜಾ ಈ ಅಣ್ಣನನ್ನು ನೋಡಿ ನಗುತ್ತಾ ಸ್ಕೂಟರು ಹತ್ತಿದಳು.

ಬಿಸಿಲಿರುವಾಗಲೇ, ಹೇಳದೆ ಉಳಿದ ಅಷ್ಟೂ ಭಾಷಣವನ್ನು ಹೊತ್ತು ಮನೆ ಸೇರಿದೆ. ಸರೋಜ ಶಾಲನ್ನೂ ನನ್ನ ಮುಖವನ್ನೂ ನೋಡಿದಳು.

“ಇನ್ನು ದಿನಾ ಇಷ್ಟು ಬೇಗನಾ?” ಎಂದಳು. “ಹೊತ್ತು ಬದಲಾಯಿಸೋ ಮುಂಚೆ ನನ್ನನ್ನೊಂದು ಮಾತು ಕೇಳ್ಬೋದಿತ್ತು.”

ಆಮೇಲೆ ಕುಕ್ಕರ್ ಇಳಿಸಿ, ಒಲೆ ಆರಿಸಿ, ಕೂತಳು.