ಪಿನ್‌ಕೋಡಿನ ನಟ್ಟನಡುವಿನ ಎಮ್ಮೆ

ಲಕ್ಷ್ಮೀಪತಿಯವರಿಗೆ ಎಂಟರ ಸಂಖ್ಯೆ ಕಂಡರೆ ಆಗದು. ಎಂಟು ಶನಿಯ ಸಂಖ್ಯೆ ಎಂದು ಟೀವಿಯಲ್ಲಿ ಯಾರೋ ಜ್ಯೋತಿಷಿ ಹೇಳಿದ್ದೇ ತಡ, ರಿಟೈರಾದ ಮೇಲೆ ಕೈಗೆ ಸಿಕ್ಕಿದ್ದ ಲೇಔಟ್ ಸಂಘದ ಅಧ್ಯಕ್ಷಗಿರಿಯನ್ನು ಅವರು ಒಂದೇ ಒಂದು ಕೆಲಸಕ್ಕೆ ಬಳಸಿದರು. ಪೇಂಟರನ್ನು ಕರೆಸಿ, ತಮ್ಮ ಮನೆಯಿದ್ದ ‘8ನೇ ಕ್ರಾಸ್’ ಬೋರ್ಡನ್ನು ಅಳಿಸಿ ‘7ನೇ ಎ ಕ್ರಾಸ್’ ಎಂದು ಬರೆಸಿದರು. ರಸ್ತೆಯ ಗುಂಡಿಗಳನ್ನು ಮಾತ್ರ ಮುಟ್ಟಲಿಲ್ಲ. ಅವುಗಳಿಗೆ ಸಂಖ್ಯೆ ಇರಲಿಲ್ಲವಲ್ಲ.

ಎದುರು ಮನೆಯಲ್ಲಿ ಹಿಟ್ಟಿನ ಮಿಲ್ ಇಟ್ಟುಕೊಂಡಿದ್ದ ಅಣ್ಣಮ್ಮ ಇದಕ್ಕೆ ಒಪ್ಪಲಿಲ್ಲ. “ನಮ್ ಮಿಲ್ ಬೋರ್ಡಲ್ಲಿ ಎಂಟನೇ ಕ್ರಾಸ್ ಅಂತಾನೇ ಐತೆ. ಇಪ್ಪತ್ತೆರಡು ವರ್ಷದಿಂದ ರಾಗಿ ಬೀಸ್ತಾ ಇದೀನಿ, ಯಾವ ಶನೀನೂ ಬಂದು ಕ್ಯೂ ನಿಂತಿಲ್ಲ” ಅಂದುಬಿಟ್ಟಳು. ಹಾಗಾಗಿ ಹೇರೋಹಳ್ಳಿಯ ಅಂಚಿನ ಆ ಒಂದು ರಸ್ತೆಯಲ್ಲಿ ಎಡಗಡೆಯವರು ಏಳು ಎ, ಬಲಗಡೆಯವರು ಎಂಟು.

ಇದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ, ಶ್ರೀಶ ಲಕ್ಷ್ಮೀಪತಿಯವರ ಮಹಡಿಯ ರೂಮಿಗೆ ಬಾಡಿಗೆಗೆ ಬರುವವರೆಗೆ.

ಶ್ರೀಶನ ಕೆಲಸವೇ ವಿಳಾಸ ಹುಡುಕುವುದು. ರಾಜಾಜಿನಗರದ ‘ತಲುಪು’ ಎಂಬ ಸಣ್ಣ ಪಾರ್ಸೆಲ್ ಕಂಪನಿಯಲ್ಲಿ ಅವನು ಪ್ರೊಬೇಷನ್‌ನಲ್ಲಿದ್ದ. ವಿಳಾಸ ಕೊಟ್ಟರೆ ನಕ್ಷೆಯ ಮೇಲೆ ಚುಕ್ಕಿ ಇಡುವ ಸಾಫ್ಟ್‌ವೇರಿಗೆ ಕಂಪನಿ ಇಷ್ಟು ದಿನ ದುಡ್ಡು ಕಟ್ಟುತ್ತಿತ್ತು. ಈಗ ಅದನ್ನು ಬಿಟ್ಟು, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್ ತರಬೇಕೆಂದು ತೀರ್ಮಾನವಾಗಿತ್ತು. ಅದನ್ನು ಮೊದಲು ತನ್ನ ಲ್ಯಾಪ್‌ಟಾಪಿನಲ್ಲಿ ಕಟ್ಟಿ, ಇಡೀ ದೇಶದ ನಕ್ಷೆಯನ್ನು ಅದಕ್ಕೆ ತುಂಬಿಸಿ, ನೂರು ವಿಳಾಸ ಕೇಳಿ, ನೂರಕ್ಕೂ ಸರಿಯುತ್ತರ ಬರುತ್ತದೆಂದು ತೋರಿಸುವುದು ಶ್ರೀಶನ ಪಾಲಿಗೆ ಬಂದಿತ್ತು. ಉತ್ತರ ಸರಿಯಾದರೆ ಹಸಿರು ಗೆರೆ, ತಪ್ಪಾದರೆ ಕೆಂಪು.

“ಇವತ್ತು ಐದು ಗಂಟೆಗೆ ನೂರೂ ಹಸಿರಾಗಿರ್ಬೇಕು ಶ್ರೀಶ” ಎಂದು ಮ್ಯಾನೇಜರ್ ರಾಗಿಣಿ ಬೆಳಗ್ಗೆಯೇ ಫೋನ್ ಮಾಡಿ ಹೇಳಿದ್ದಳು. “ತೊಂಬತ್ತೊಂಬತ್ತು ಬಂದ್ರೂ ಬೇಡ. ನಿಮ್ಮ ಪ್ರೊಬೇಷನ್ ಒಂದ್ಸಲ ಮುಂದೆ ಹಾಕಿದೀವಿ. ಇನ್ನೊಂದ್ಸಲ ಹಾಕೋಕಾಗಲ್ಲ. ಐದರ ಮೇಲೆ ನೀವು ಪರ್ಮನೆಂಟು, ಇಲ್ಲಾಂದ್ರೆ ನಾವಿಬ್ರೂ ಫ್ರೆಂಡ್ಸು, ಅಷ್ಟೇ.”

ಶ್ರೀಶನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಪ್ಲಗ್ ಕಿತ್ತರೆ ಅದರ ಪ್ರಾಣವೂ ಹೋಗುತ್ತಿತ್ತು. ಅಣ್ಣಮ್ಮ ಮಿಲ್ ಆನ್ ಮಾಡಿದಾಗಲೆಲ್ಲ ರೂಮಿನ ಟ್ಯೂಬ್‌ಲೈಟು ಕಣ್ಣು ಮಿಟುಕಿಸಿ, ಲ್ಯಾಪ್‌ಟಾಪು ಕಣ್ಣು ಮುಚ್ಚುತ್ತಿತ್ತು. ನಕ್ಷೆ ತುಂಬಿಸುವ ಕೆಲಸ ಆ ವಾರದಲ್ಲಿ ರಾಗಿಗೆ ಎರಡು ಸಲ, ಗೋಧಿಗೆ ಒಂದು ಸಲ ಬಲಿಯಾಗಿತ್ತು. ಆ ಬೆಳಗ್ಗೆ ಹೇಗೋ ತೊಂಬತ್ತನಾಲ್ಕು ಪರ್ಸೆಂಟಿಗೆ ಬಂದಾಗ ಹೊಸದೊಂದು ಸಾಲು ಮೂಡಿತು: ಡಿಸ್ಕ್‌ನಲ್ಲಿ ಜಾಗವಿಲ್ಲ.

ರಾಗಿಣಿಗೆ ಹೇಳಿದ. ಅವಳು ನಿಟ್ಟುಸಿರು ಬಿಟ್ಟು, “ಆಫೀಸಲ್ಲಿ ದೊಡ್ಡ ಡಿಸ್ಕ್ ಇದೆ, ನಕ್ಷೆ ಅದರಲ್ಲಿ ಮೊದಲೇ ಇದೆ. ನೀವು ಕೂತ ಜಾಗದಿಂದ ಏಳ್ಬೇಡಿ. ನಮ್ಮ ರೈಡರ್ ಸೀನನ ಕೈಲೇ ಕಳಿಸ್ತೀನಿ” ಅಂದಳು.

ಹನ್ನೊಂದಕ್ಕೆ ಸೀನನ ಫೋನ್ ಬಂತು.

“ಸಾರ್, ನಿಮ್ಮನೆ ಮುಂದೇನೇ ಇದೀನಿ. ಬನ್ನಿ ಸಾರ್.”

ಶ್ರೀಶ ಕಿಟಕಿಯಿಂದ ನೋಡಿದ. ಗೇಟಿನ ಮುಂದೆ ಯಾರೂ ಇಲ್ಲ. “ಏನ್ ಕಾಣ್ತಿದೆ ಅಲ್ಲಿ?”

“ಖಾಲಿ ಸೈಟು ಸಾರ್. ಒಂದು ಟ್ರಾನ್ಸ್‌ಫಾರ್ಮರು. ಒಂದು ಎಮ್ಮೆ ಕಟ್ಟಾಕವ್ರೆ.”

ಶ್ರೀಶನಿಗೆ ಅರ್ಥವಾಯಿತು. ಅವನ ಬಾಡಿಗೆ ಕರಾರಿನಲ್ಲಿ, ಹಾಗಾಗಿ ಆಫೀಸಿನ ದಾಖಲೆಯಲ್ಲೂ, 7ನೇ ಎ ಕ್ರಾಸ್ ಎಂದಿತ್ತು. ಆ ಹೆಸರಿನ ರಸ್ತೆ ಪ್ರಪಂಚದ ಯಾವ ನಕ್ಷೆಯಲ್ಲೂ ಇರಲಿಲ್ಲ. ರಸ್ತೆ ಸಿಗದಿದ್ದರೆ ಇಂಥ ಸಾಫ್ಟ್‌ವೇರು ಪಿನ್‌ಕೋಡಿನ ನಟ್ಟನಡುವೆ ಒಂದು ಚುಕ್ಕಿ ಇಟ್ಟು ಕೈ ತೊಳೆದುಕೊಳ್ಳುತ್ತದೆ. ಆ ನಟ್ಟನಡುವೆ, ಮೂರು ಕಿಲೋಮೀಟರ್ ಆಚೆ, ಎಮ್ಮೆ ನಿಂತಿತ್ತು.

“ಅದಲ್ಲ ಮನೆ. ನಾನು ದಾರಿ ಹೇಳ್ತೀನಿ, ಬಾ.”

“ಬರಂಗಿಲ್ಲ ಸಾರ್. ಚುಕ್ಕಿಯಿಂದ ಐವತ್ತು ಮೀಟರ್ ಒಳಗಿದ್ರೇನೇ ‘ಡೆಲಿವರ್ಡ್’ ಬಟನ್ ಓಪನ್ ಆಗೋದು. ಇಲ್ಲಾಂದ್ರೆ ಪಾರ್ಸೆಲ್ ವಾಪಸ್ಸು, ನನ್ನ ರೇಟಿಂಗೂ ವಾಪಸ್ಸು.”

ಡಿಸ್ಕ್ ಬರಬೇಕಾದರೆ ವಿಳಾಸ ಸರಿಯಾಗಬೇಕು. ವಿಳಾಸ ಸರಿಮಾಡಬೇಕಾದರೆ ಡಿಸ್ಕ್ ಬರಬೇಕು. ಶ್ರೀಶ ಮೆಟ್ಟಿಲಿಳಿದು ರಸ್ತೆಗೆ ಬಂದು ಫೋನಿನಲ್ಲೇ ಸೀನನ ಕಾಲು ಹಿಡಿಯುತ್ತಿದ್ದಾಗ ಲಕ್ಷ್ಮೀಪತಿ ಹೊರಗೆ ಬಂದರು.

“ಕೊಡಿಲ್ಲಿ, ನಾನು ಹೇಳ್ತೀನಿ. ನೋಡಪ್ಪಾ, ಏಳನೇ ಎ ಕ್ರಾಸ್ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ...”

“ಯಾರ್ ಹೇಳ್ತಾರೆ ಸ್ವಾಮಿ, ನಿಮ್ ಪೇಂಟರೊಬ್ಬ ಹೇಳ್ಬೇಕು!” ಅಣ್ಣಮ್ಮ ಮೈಕೈಯೆಲ್ಲ ಹಿಟ್ಟಾಗಿ ಸಣ್ಣ ಹಿಮಾಲಯದಂತೆ ಬಂದು ಫೋನ್ ಕಿತ್ತುಕೊಂಡಳು. “ಎಂಟನೇ ಕ್ರಾಸ್ ಕಣಪ್ಪಾ, ಅಣ್ಣಮ್ಮನ ಮಿಲ್ಲು. ಸೀದಾ ಬಾ.”

“ಅಂಕಲ್, ಅವ್ನು ಬರಲ್ವಂತೆ. ನಾನೇ ಹೋಗ್ಬೇಕು.”

“ಸ್ಕೂಟರ್ ಹತ್ತಯ್ಯಾ!” ಅಂದರು ಲಕ್ಷ್ಮೀಪತಿ. ಸ್ಕೂಟರು ಅವರದು, ಓಡಿಸುವವರೂ ಅವರೇ. ನಮ್ಮ ರಸ್ತೆಯ ಮರ್ಯಾದೆಯ ಪ್ರಶ್ನೆ ಎಂದು ಅವರು ಎಷ್ಟು ಜೋರಾಗಿ ಹೊರಟರೆಂದರೆ, ಫೋನ್ ಅಣ್ಣಮ್ಮನ ಕೈಯಲ್ಲೇ ಉಳಿದದ್ದು ಶ್ರೀಶನಿಗೆ ಗೊತ್ತಾಗಿದ್ದು ಎರಡನೇ ಗುಂಡಿಯಲ್ಲಿ. ಮೂರನೇ ಗುಂಡಿ, ಪೈಪ್‌ಲೈನಿಗೆಂದು ತೋಡಿ ಬಿಟ್ಟದ್ದು, ಇಬ್ಬರನ್ನೂ ಸ್ಕೂಟರಿನ ಸಮೇತ ಬರಮಾಡಿಕೊಂಡಿತು. ಲಕ್ಷ್ಮೀಪತಿ ಎದ್ದು, ಕೆಸರು ಒರೆಸಿಕೊಂಡು, “ಇದು ನಮ್ಮ ಸಂಘದ ಲಿಮಿಟ್ಟಿಗೆ ಬರಲ್ಲ” ಅಂದರು.

ಖಾಲಿ ಸೈಟಿನಲ್ಲಿ ಸೀನ ಬೈಕಿಗೆ ಒರಗಿ ನಿಂತಿದ್ದ. ಎಮ್ಮೆಯ ಪಕ್ಕ ಅದರ ಯಜಮಾನ ಅಂಜಿನಯ್ಯ ಬೀಡಿ ಸೇದುತ್ತಾ ಕೂತಿದ್ದ.

“ಇವ್ನೂ ಪಾರ್ಸೆಲ್ಲಿಗೇ ಬಂದವ್ನಾ?” ಅಂಜಿನಯ್ಯ ಕೇಳಿದ. “ತಿಂಗಳಿಗೆ ಮೂರ್ನಾಲ್ಕು ಜನ ಬತ್ತಾರಪ್ಪಾ. ಬಂದು ನಿಂತ್ಕಂಡು ಫೋನ್ ನೋಡ್ತಾರೆ, ಎಮ್ಮೆ ನೋಡ್ತಾರೆ, ಅಳ್ತಾರೆ, ಹೋಯ್ತಾರೆ.”

ಸೀನ ಡಬ್ಬಿ ತೆಗೆದು, “ಓಟಿಪಿ ಹೇಳಿ ಸಾರ್” ಅಂದ.

ಓಟಿಪಿ ಶ್ರೀಶನ ಫೋನಿಗೆ ಬಂದಿತ್ತು. ಫೋನ್ ಮಿಲ್ಲಿನಲ್ಲಿತ್ತು. ಸೀನನ ಫೋನಿನಿಂದ ತನ್ನದೇ ನಂಬರಿಗೆ ಕರೆ ಮಾಡಿದ.

“ಆಂಟಿ, ಮೆಸೇಜಲ್ಲಿ ನಾಲ್ಕು ನಂಬರ್ ಬಂದಿರುತ್ತೆ, ಸ್ವಲ್ಪ ಓದಿ.”

“ಓಟಿಪೀನಾ?” ಅಣ್ಣಮ್ಮನ ದನಿ ಬದಲಾಯಿತು. “ಯಾರಿಗೂ ಹೇಳ್ಬಾರ್ದು ಅಂತ ದಿನಾ ಹೇಳ್ತಾರೆ. ನನ್ನ ತಂಗಿ ಹೇಳಿ ಕೆಟ್ಳು. ನೀನು ಶ್ರೀಶ ಅಂತ ಏನ್ ಗ್ಯಾರಂಟಿ?”

“ಆಂಟಿ, ನಾನೇ! ಎದುರುಮನೆ ಮಹಡಿ!”

“ದನಿ ಯಾರು ಬೇಕಾದ್ರೂ ಮಾಡ್ತಾರೆ. ಶ್ರೀಶನೇ ಆಗಿದ್ರೆ ಒಂದು ಪ್ರಶ್ನೆಗೆ ಉತ್ತರ ಹೇಳು. ನಮ್ಮ ರೋಡು ಎಷ್ಟನೇ ಕ್ರಾಸು?”

ಶ್ರೀಶ ಪಕ್ಕಕ್ಕೆ ನೋಡಿದ. ಮನೆ ಮಾಲೀಕರು ಒಂದಡಿ ದೂರದಲ್ಲಿ, ಕೆಸರು ಮೆತ್ತಿದ ಕನ್ನಡಕದೊಳಗಿಂದ ಅವನನ್ನೇ ನೋಡುತ್ತಿದ್ದರು. ಗಂಟೆ ಹನ್ನೆರಡಾಗಿತ್ತು. ಅವನು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

“ಎಂಟು.”

“ಕೇಳಿಸ್ಲಿಲ್ಲ!”

“ಎಂಟು ಆಂಟಿ! ಎಂಟನೇ ಕ್ರಾಸು!”

ಅಣ್ಣಮ್ಮ ಓಟಿಪಿ ಹೇಳಿದಳು. ಲಕ್ಷ್ಮೀಪತಿ ಸ್ಕೂಟರ್ ಹತ್ತಿ, ಹಿಂದಿನ ಸೀಟು ಖಾಲಿ ಇದ್ದಂತೆಯೇ ಹೊರಟುಹೋದರು.

ಸೀನ ಒಳ್ಳೆಯವನು. ಬಟನ್ ಒತ್ತಿದ ಮೇಲೆ ಶ್ರೀಶನನ್ನು ಬೈಕಿನಲ್ಲಿ ಮನೆವರೆಗೂ ಬಿಟ್ಟ. “ಇದಾ ಸಾರ್ ಮನೆ? ಇನ್ಮೇಲೆ ಕಣ್ಮುಚ್ಕೊಂಡ್ ಬರ್ತೀನಿ ಬಿಡಿ.”

ಶ್ರೀಶ ಮಿಲ್ಲಿನಿಂದ ಫೋನ್ ಇಸಿದುಕೊಂಡು, ಮೇಲೆ ಹೋಗಿ ಡಿಸ್ಕ್ ಹಾಕಿದ. ನಕ್ಷೆ ತುಂಬಿತು. ಲಕ್ಷ್ಮೀಪತಿ ಸಿಟ್ಟಿನಲ್ಲಿ ಮಲಗಿದ್ದರು, ಅಣ್ಣಮ್ಮ ಗೆದ್ದ ಖುಷಿಯಲ್ಲಿ ಮಿಲ್ ಹಾಕಿರಲಿಲ್ಲ. ನಾಲ್ಕೂಕಾಲಿಗೆ ಶ್ರೀಶ ಪರೀಕ್ಷೆ ಓಡಿಸಿದ. ನೂರು ವಿಳಾಸಗಳೂ ಕಂಪನಿಯ ನೌಕರರದೇ. ವಿಜಯನಗರ ಹಸಿರು, ಅತ್ತಿಗುಪ್ಪೆ ಹಸಿರು, ಕೆಂಗೇರಿ ಹಸಿರು. ಉಲ್ಲಾಳದ ಸಂದಿಯೊಳಗಿನ ಸಂದಿಯೂ ಹಸಿರು. ತೊಂಬತ್ತೊಂಬತ್ತು ಹಸಿರಾಗಿ ಒಂದು ಕೆಂಪಾಯಿತು. ಅವನದೇ ವಿಳಾಸ. ಹಳೆಯ ಸಾಫ್ಟ್‌ವೇರು ದುಡ್ಡು ತೆಗೆದುಕೊಂಡು ಎಮ್ಮೆ ತೋರಿಸುತ್ತಿತ್ತು. ಹೊಸದು ಅದೇ ಎಮ್ಮೆಯನ್ನು ಬಿಟ್ಟಿಯಾಗಿ ತೋರಿಸಿತು.

ಸರಿಮಾಡುವುದು ಕಷ್ಟವಿರಲಿಲ್ಲ. ಏಳು ಎ ಅಂದರೂ ಎಂಟು ಅಂದರೂ ಒಂದೇ ರಸ್ತೆ ಎಂದು ಒಂದು ಸಾಲು ಬರೆದರೆ ಮುಗಿಯಿತು. ಬರೆಯತೊಡಗಿದ. ಬಾಗಿಲಲ್ಲಿ ಕೆಮ್ಮು ಕೇಳಿಸಿತು.

“ಏನಯ್ಯಾ ಅದು? ಎಂಟು ಅಂತ ಕಾಣ್ತಿದೆ?” ಲಕ್ಷ್ಮೀಪತಿ ಎದ್ದು ಬಂದಿದ್ದರು. “ನನ್ನ ಮನೇಲಿ ಕೂತು, ನನ್ನ ಕರೆಂಟಲ್ಲಿ, ನನ್ನ ಮನೆಗೆ ಶನಿ ಅಂಟಿಸ್ತಿದೀಯಾ? ಆ ಎಂಟು ಅಲ್ಲಿದ್ರೆ ಕೆಳಗೆ ಹೋಗಿ ಮೇನ್ ಆಫ್ ಮಾಡ್ತೀನಿ.”

“ಅಂಕಲ್, ಎರಡೂ ಒಂದೇ ಅಂತ ಬರೀತಿದೀನಿ ಅಷ್ಟೇ.”

“ಎರಡೂ ಒಂದೇ ಹೆಂಗಾಗುತ್ತೆ?” ಕಿಟಕಿಯಾಚೆ, ರಸ್ತೆಯ ಆ ಬದಿಯಿಂದ ಅಣ್ಣಮ್ಮನ ದನಿ. “ಏಳು ಎ ಅಂತ ಎಲ್ಲಾದ್ರೂ ಹಾಕಿದ್ರೆ ನೋಡು ಶ್ರೀಶ, ಈಗ್ಲೇ ಮಿಲ್ ಹಾಕ್ತೀನಿ. ಹತ್ತು ಕೇಜಿ ಮೆಣಸಿನಕಾಯಿ ಬಂದೈತೆ!”

ಕೆಳಗೆ ಮೇನ್ ಸ್ವಿಚ್ಚು, ಎದುರಿಗೆ ಮೆಣಸಿನಕಾಯಿ. ನಾಲ್ಕು ಐವತ್ತೆರಡು. ಶ್ರೀಶ ಬರೆದ ಸಾಲನ್ನು ಅಳಿಸಿದ. ವಿಳಾಸಗಳ ಪಟ್ಟಿ ರಾಗಿಣಿಯದು, ಅದನ್ನು ಮುಟ್ಟುವಂತಿಲ್ಲ. ಆದರೆ ಚುಕ್ಕಿ ಎಲ್ಲಿ ಬಿದ್ದರೆ ಸರಿ ಎಂಬ ಉತ್ತರಗಳ ಪಟ್ಟಿ ಅವನು ತಯಾರಿಸಿದ್ದು. ಅದರಲ್ಲಿ ತನ್ನ ಹೆಸರಿನ ಮುಂದಿದ್ದ ಮನೆಯ ಗುರುತು ತೆಗೆದು ಎಮ್ಮೆಯ ಗುರುತು ಹಾಕಿದ. ಉತ್ತರವೇ ಬದಲಾದ ಮೇಲೆ ಸಾಫ್ಟ್‌ವೇರು ತಪ್ಪು ಮಾಡುವುದಾದರೂ ಹೇಗೆ?

ನೂರೂ ಹಸಿರು. ಲಕ್ಷ್ಮೀಪತಿಯವರಿಗೆ ಎಂಟು ಕಾಣಲಿಲ್ಲ, ಅಣ್ಣಮ್ಮನಿಗೆ ಏಳು ಎ ಕಾಣಲಿಲ್ಲ. ಇಬ್ಬರೂ ತಾವೇ ಗೆದ್ದೆವೆಂದು ಕಾಫಿ ಕುಡಿಯಲು ಹೋದರು.

“ಶ್ರೀಶ, ಬ್ರಿಲಿಯಂಟ್!” ರಾಗಿಣಿಯ ಸಂತೋಷದಿಂದ ಫೋನೇ ಬಿಸಿಯಾಯಿತು. “ಈಗ್ಲೇ ಲೈವ್ ಮಾಡ್ತಿದೀನಿ. ನೀವು ಪರ್ಮನೆಂಟು. ಹೊಸ ಸಿಸ್ಟಮ್ಮಿನ ಮೊದಲನೇ ಡೆಲಿವರಿ ಯಾವ್ದು ಹೇಳಿ? ನಿಮ್ಮ ಲೆಟರು! ಸೀನನ ಕೈಲಿ ಕೊಟ್ಟಿದೀನಿ. ಇವತ್ತೇ ಸೈನ್ ಮಾಡಿ ಕಳಿಸ್ಬೇಕು.”

ಸಂಜೆ ಆರೂಕಾಲಿಗೆ ಗೇಟಿನ ಮುಂದೆ ಬೈಕು ನಿಂತಿತು. ಶ್ರೀಶ ಮೆಟ್ಟಿಲನ್ನು ಎರಡೆರಡು ಹಾರಿ ಇಳಿದ. ಸೀನನ ಕೈಯಲ್ಲಿ ಕಂದು ಬಣ್ಣದ ಕವರು. ಮೇಲೆ ಅವನದೇ ಹೆಸರು.

“ನೋಡಿದ್ರಾ ಸಾರ್, ಕಣ್ಮುಚ್ಕೊಂಡ್ ಬಂದೆ” ಅಂದ ಸೀನ. ಶ್ರೀಶ ಕೈ ಚಾಚಿದ. ಸೀನ ಕವರನ್ನು ಹಿಂದಕ್ಕೆಳೆದುಕೊಂಡ. “ಬಟನ್ ಓಪನ್ ಆಗ್ತಿಲ್ಲ ಸಾರ್.”

“ಕೊಟ್ಬಿಡೋ ಮಾರಾಯ. ನೀನು ಆಮೇಲೆ ಅಲ್ಲಿಗೆ ಹೋಗಿ ಒತ್ಕೋ.”

“ಇವತ್ತಿಂದ ಹೊಸ ರೂಲ್ಸು. ಚುಕ್ಕಿ ಹತ್ರ ನಿಂತು ಫೋಟೋ ತೆಗೀಬೇಕು. ಫೋಟೋದಲ್ಲಿ ನೀವೂ ಇರ್ಬೇಕು, ಕವರೂ ಇರ್ಬೇಕು.” ಸೀನ ಹಿಂದಿನ ಸೀಟು ಒರೆಸಿದ. “ಹತ್ತಿ ಸಾರ್. ಎದುರುಮನೆ ಅಮ್ಮಂಗೆ ಒಂದು ಪಾರ್ಸೆಲ್ ಇತ್ತು, ಬಾಗಿಲಿಗೇ ಕೊಟ್ಟೆ. ಎಂಟನೇ ಕ್ರಾಸು ಅಂದ್ರೆ ಬೆಣ್ಣೆ ಥರ ಸಿಗುತ್ತೆ.”

ಮೂರು ಕಿಲೋಮೀಟರು, ಅದೇ ಗುಂಡಿಗಳು. ಶ್ರೀಶ ಕವರನ್ನು ಎದೆಗೆ ಹಿಡಿದು ಟ್ರಾನ್ಸ್‌ಫಾರ್ಮರಿನ ಪಕ್ಕ ನಿಂತ. ಫೋಟೋ ತೆಗೆಯುವ ಹೊತ್ತಿಗೆ ಎಮ್ಮೆಯೂ ತಲೆ ಎತ್ತಿತು. ಬಟನ್ ಹಸಿರಾಯಿತು. ಕವರು ಹರಿದು ಓದಿದ. ನಿಜವಾಗಿಯೂ ಖಾಯಂ. ಅಷ್ಟರಲ್ಲಿ ಫೋನ್.

“ಶ್ರೀಶ, ಫೋಟೋ ಬಂತು” ರಾಗಿಣಿ ಅಂದಳು. “ನಿಮ್ಮ ಹಿಂದೆ ಇರೋದು ಎಮ್ಮೇನಾ?”

“ಹೌದು ಮೇಡಂ.”

“ಅದೇನಾ ನಿಮ್ಮನೆ?”

ಅಲ್ಲ ಎಂದರೆ ನೂರನೇ ಹಸಿರು ಸುಳ್ಳಾಗುತ್ತದೆ. ಕೈಯಲ್ಲಿದ್ದ ಕಾಗದ ಇನ್ನೂ ಬೆಚ್ಚಗಿತ್ತು.

“ಇದೇ ಮೇಡಂ. ಮನೆ ಹಿಂದುಗಡೆ ಇದೆ. ಎಮ್ಮೆ ಅಡ್ಡ ಬಂದಿದೆ.”

“ಸೂಪರ್! ಪರ್ಮನೆಂಟ್ ಆದವ್ರಿಗೆ ಆಫೀಸ್ ಕ್ಯಾಬು. ಹಾಗಾದ್ರೆ ಈ ಪಾಯಿಂಟೇ ಲಾಕ್ ಮಾಡ್ತೀನಿ. ನಾಳೆಯಿಂದ ದಿನಾ ಬೆಳಗ್ಗೆ ಆರೂವರೆ. ಕ್ಯಾಬ್ ಎರಡು ನಿಮಿಷದ ಮೇಲೆ ಕಾಯಲ್ಲ.”

ಸೀನ ಬ್ಯಾಗಿನಿಂದ ಇನ್ನೊಂದು ಡಬ್ಬಿ ತೆಗೆದು ವಿಳಾಸ ಓದುತ್ತಿದ್ದ. “ಲಕ್ಷ್ಮೀಪತಿ, ಏಳನೇ ಎ ಕ್ರಾಸ್. ಬಿಪಿ ಮಾತ್ರೆ. ಇದೂ ಇಲ್ಲೇ ತೋರಿಸ್ತಿದೆ ಸಾರ್. ಅವ್ರನ್ನ ನೀವೇ ಕರೀತೀರಾ, ನಾನು ಕರೀಲಾ?”

ಅಂಜಿನಯ್ಯ ಬೀಡಿ ಆರಿಸಿ, ಶ್ರೀಶನನ್ನು ಮೇಲಿಂದ ಕೆಳಗೆ ನೋಡಿದ.

“ನಾಳೆನೂ ಬತ್ತೀಯೇನಪ್ಪಾ?”

“ಹೂಂ. ದಿನಾ ಬೆಳಗ್ಗೆ.”

“ಹಂಗಾರೆ ಬರೋವಾಗ ಒಂದು ಹೊರೆ ಹುಲ್ಲು ಹಿಡ್ಕೊಂಡ್ ಬಾ. ಬಾಡಿಗೆ ಅಂತ ಏನೂ ಬ್ಯಾಡ.”